ತಿಪ್ಪಮ್ಮನ ಮಗಳು

ಅತ್ತೆಯ ಎಡಗಿವಿಯ ಮೇಲೆ ಎರಡು ಬೆರಳಗಲ ಕೂದಲೇ ಇರಲಿಲ್ಲ. ಭದ್ರಾವತಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ವರ್ಷಾನುಗಟ್ಟಲೆ ತಲೆಗೆ ಸಿಕ್ಕಿಸಿಕೊಂಡಿದ್ದ ಹೆಡ್‌ಫೋನಿನ ಪಟ್ಟಿ ಅಲ್ಲಿ ಕೂದಲನ್ನೆಲ್ಲ ಸವೆಸಿಬಿಟ್ಟಿತ್ತು. ಗಂಟಲು ಮಾತ್ರ ರಿಟೈರ್ ಆಗಲಿಲ್ಲ. ಜನ್ನಾಪುರದ ಮನೆಯ ಅಡುಗೆಕೋಣೆಯಲ್ಲಿ ಅವರು ಮಾತಾಡಿದರೆ ಬಸ್‌ಸ್ಟಾಪಿನಲ್ಲಿದ್ದವರು ತಿರುಗಿ ನೋಡುತ್ತಿದ್ದರು. ಕೋಪವೋ, ಮೂಗಿನ ತುದಿಯಲ್ಲೇ. ಯಾರಾದರೂ ಸುತ್ತಿ ಬಳಸಿ ಮಾತಾಡಿದರೆ, "ವಿಷಯಕ್ಕೆ ಬಾ ಮಾರಾಯ, ಟ್ರಂಕ್ ಕಾಲ್ ಓಡ್ತಾ ಇದೆ" ಅನ್ನುತ್ತಿದ್ದರು.

ಅವರು ನನ್ನ ಅಪ್ಪನ ತಂಗಿ. ಅವರ ತಾಯಿ, ಅಂದರೆ ನನ್ನ ಅಜ್ಜಿ ತಿಪ್ಪಮ್ಮ, ಭದ್ರಾವತಿಯ ಓಲ್ಡ್ ಟೌನಿನ ಒಂದು ತಿಪ್ಪೆಯಲ್ಲಿ ಸಿಕ್ಕ ಕೂಸು. ಮಕ್ಕಳಿಲ್ಲದ ಗಾಣದ ಮನೆಯ ಗಂಡ ಹೆಂಡತಿ ಎತ್ತಿಕೊಂಡು ಸಾಕಿದರು. ಮಠದ ಸ್ವಾಮಿಗಳು ಲಿಂಗ ಕಟ್ಟಿದರು. ದೊಡ್ಡವಳಾಗಿ ನಮ್ಮ ಮನೆಗೆ ಸೊಸೆಯಾಗಿ ಬಂದಳು. ಲಿಂಗ ಕಟ್ಟಿದ ಮೇಲೆ ಹುಟ್ಟು ಕೇಳಬಾರದು ಎಂದು ಊರಿಗೆಲ್ಲ ಹೇಳುವ ನಮ್ಮ ಜನವೇ, ಪಾತ್ರೆ ಸದ್ದಾದರೂ ಸಾಕು, ಅವಳನ್ನು "ತಿಪ್ಪೆಯೋಳು" ಎಂದು ಹಂಗಿಸಿದರು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಅಜ್ಜಿ ಒಂದು ದಿನವೂ ತಿರುಗಿ ಮಾತಾಡಲಿಲ್ಲವಂತೆ. ಅವಳ ಪಾಲಿನದನ್ನೂ ಸೇರಿಸಿ ಅತ್ತೆ ಮಾತಾಡಿದರು.

ಅಜ್ಜಿಯ ಬಗ್ಗೆ ಅತ್ತೆ ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ ವಿಷಯ. ಸಂತೆಗೆ ಹೋದರೆ ಅಜ್ಜಿ ತರಕಾರಿ ನೋಡುತ್ತಿರಲಿಲ್ಲವಂತೆ, ಹೆಂಗಸರ ಮುಖ ನೋಡುತ್ತಿದ್ದಳಂತೆ. ತನ್ನ ಹಾಗೆ ಚಪ್ಪಟೆ ಮೂಗಿದ್ದ ಮುದುಕಿ ಯಾರಾದರೂ ಕಂಡರೆ ಬೆನ್ನ ಹಿಂದೆಯೇ ಒಂದಷ್ಟು ದೂರ ಹೋಗಿ, ಏನೂ ಕೇಳದೆ ವಾಪಸು ಬರುತ್ತಿದ್ದಳಂತೆ. ಮನೆಗೆ ಬಂದರೆ ಕೊಳೆತ ಬದನೆಕಾಯಿ ತಂದೆ ಎಂದು ಅದಕ್ಕೂ ಬೈಗುಳ.

ಕೆಲಸದಿಂದ ನಿವೃತ್ತಿಯಾದ ಮೇಲೆ ಅತ್ತೆ ಹುಡುಕುವುದಕ್ಕೆ ಶುರು ಮಾಡಿದರು. ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಈಗ ಯಾಕೆ ಅತ್ತೆ, ಯಾರು ಎಸೆದರು ಅಂತ ಗೊತ್ತಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಬೈತೀನಿ" ಅಂದರು. "ಗೋರಿ ಮುಂದೆ ನಿಂತ್ಕೊಂಡಾದ್ರೂ ಸರಿ, ಬೈದೇ ಬರ್ತೀನಿ."

ನನ್ನ ಸ್ಕೂಟರಿನ ಹಿಂದೆ ಕೂತು ಅವರು ಹತ್ತದ ಕಚೇರಿ ಮೆಟ್ಟಿಲಿಲ್ಲ. ಹುಟ್ಟಿದವರ ಪಟ್ಟಿಯಲ್ಲಿ ಅಜ್ಜಿ ಇರಲಿಲ್ಲ. ಶಾಲೆಗೆ ಅವಳನ್ನು ಯಾರೂ ಕಳಿಸಿರಲಿಲ್ಲ. ಮಠದ ಹಳೇ ಕಾಗದವೆಲ್ಲ ಗೆದ್ದಲಿನ ಹೊಟ್ಟೆ ಸೇರಿತ್ತು. ಕೊನೆಗೆ ಶಿವಮೊಗ್ಗದ ಒಂದು ದಾಖಲೆ ಕೊಠಡಿಯಲ್ಲಿ, ಭದ್ರಾವತಿ ಕಡೆಯ ಹಳೇ ಕಡತಗಳ ನಡುವೆ, ವಾರಸುದಾರರಿಲ್ಲದ ಸ್ವತ್ತಿನ ಪಟ್ಟಿ ಸಿಕ್ಕಿತು. ಒಂದು ಕೋಡು ಮುರಿದ ಎತ್ತು. ಅದರ ಕೆಳಗೆ ಹಿತ್ತಾಳೆ ಚೊಂಬು. ಅದರ ಕೆಳಗೆ, "ಹೆಣ್ಣು ಶಿಶು, ಜೀವಂತ, ತಿಪ್ಪೆಯಲ್ಲಿ ದೊರೆತದ್ದು, ಗಾಣದವರ ವಶಕ್ಕೆ." ಕೊನೆಯ ಕಾಲಮ್ಮಿನಲ್ಲಿ, ಎತ್ತನ್ನು ಒಡೆಯ ಬಂದು ಬಿಡಿಸಿಕೊಂಡು ಹೋದ ಎಂದು ಬರೆದಿತ್ತು. ಶಿಶುವಿನ ಎದುರು, "ಯಾರೂ ಬಂದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಮನುಷ್ಯರ ಕೂಸನ್ನು ಎತ್ತಿನ ಕೆಳಗೆ, ಚೊಂಬಿನ ಕೆಳಗೆ ಬರೆಯಲು ಆ ಕೈಗೆ ಹೇಗೆ ಮನಸ್ಸು ಬಂತು? ಅತ್ತೆ ಅಳಲಿಲ್ಲ. ನಕಲು ತೆಗೆಸಿಕೊಂಡರು, ಬಸ್‌ಸ್ಟ್ಯಾಂಡಿನ ಹತ್ತಿರ ಕಾಫಿ ಕುಡಿದರು, ಸಕ್ಕರೆ ಜಾಸ್ತಿಯಾಯಿತೆಂದು ಹೋಟೆಲಿನವನ ಜೊತೆ ಜಗಳವಾಡಿದರು. ಹೆತ್ತವಳು ಯಾರೆಂದು ಅದಾದ ಮೇಲೂ ಗೊತ್ತಾಗಲೇ ಇಲ್ಲ.

ಅಷ್ಟರಲ್ಲಿ ನನ್ನ ದೊಡ್ಡಪ್ಪನ ಮಗ ಒಂದು ಕೆಲಸ ಹಚ್ಚಿಕೊಂಡಿದ್ದ. ಅಣ್ಣ ಶಿವಮೊಗ್ಗದಲ್ಲಿ ಅಂಗಡಿ ಇಟ್ಟವನು, ಮಠದ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನವನು. ಮನೆತನದವರನ್ನೆಲ್ಲ ಕಲ್ಯಾಣಮಂಟಪದಲ್ಲಿ ಸೇರಿಸಿ, ಬಣ್ಣದ ಫೋಟೋಗಳ ವಂಶವೃಕ್ಷದ ಪುಸ್ತಕ ಹಂಚುವುದು ಅವನ ಆಸೆ. ಮಗಳ ಸಂಬಂಧ ದಾವಣಗೆರೆ ಕಡೆ ಗೊತ್ತಾಗಿತ್ತು, ಬೀಗರೂ ಬರುವವರಿದ್ದರು. ಅಚ್ಚಿಗೆ ಹೋಗುವ ಮುಂಚೆ ಹಾಳೆಗಳನ್ನು ತೋರಿಸಲು ನಮ್ಮನ್ನು ಕರೆದ.

ಅಜ್ಜಿಯ ಹೆಸರು ಇತ್ತು. ಗಾಣದ ಮನೆಯವರ ಹೊಟ್ಟೆಯ ಮಗಳು ಎಂದಿತ್ತು. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಹೊಸ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇರೆ ಹೆಂಗಸಿನ ಕೈಲಿ ಎತ್ತಿಸಿ, ಅವಳಿಗೆ ಒಂದು ಮೊರ ತೌಡು ಕೊಟ್ಟು ತಾಯಿಯೇ ಕೊಂಡುಕೊಳ್ಳುವ ಪದ್ಧತಿ ನಮ್ಮ ಕಡೆ ಇತ್ತಲ್ಲ, ಅಂಥ ಮಕ್ಕಳಿಗೆ ತಿಪ್ಪಮ್ಮ, ತಿಪ್ಪೇಶ ಎಂದು ಹೆಸರಿಡುತ್ತಿದ್ದರಲ್ಲ, ನಮ್ಮ ಅಜ್ಜಿಯ ಹೆಸರೂ ಹಾಗೇ ಬಂದದ್ದು ಎಂದು ಚಂದವಾಗಿ ಬರೆದಿದ್ದ. ಸುಳ್ಳಿಗೂ ಪದ್ಧತಿಯ ಸೆರಗು ಹೊದಿಸಿದ್ದ.

ಅತ್ತೆ ನಕಲನ್ನು ಅವನ ಮುಂದಿಟ್ಟರು. ಅವನು ಓದಿ ಮಡಿಸಿಟ್ಟ. ಅದು ತನಗೂ ಗೊತ್ತು, ಆದರೆ ಸತ್ತವರ ಮಾನ ಕಾಯುವುದು ನಮ್ಮ ಧರ್ಮವಲ್ಲವೇ, ಬೀಗರು ಓದಿದರೆ ಏನೆಂದುಕೊಳ್ಳುತ್ತಾರೆ ಎಂದ.

"ಯಾರ ಮಾನನೋ? ಅವಳದ್ದಾ, ನಿಂದಾ?" ಅತ್ತೆಯ ದನಿ ಅವತ್ತು ಏರಲೇ ಇಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. "ಪದ್ಧತಿಗೆ ಅಂತ ತಿಪ್ಪೆಗೆ ಹಾಕಿದ ಕೂಸನ್ನ ತೌಡು ಕೊಟ್ಟಾದ್ರೂ ವಾಪಸ್ ತಗೋತಾರೆ. ನಮ್ಮವ್ವನ್ನ ಯಾರೂ ವಾಪಸ್ ತಗೊಳ್ಳಲಿಲ್ಲ. ಅವಳು ಸಾಯೋತನಕ ಕಾದ್ಲು. ಬದುಕಿದ್ದಾಗ ತಿಪ್ಪೆಯೋಳು ಅಂತ ಬಾಯ್ತುಂಬ ಅಂದ್ರಿ, ಈಗ ಪುಸ್ತಕದಲ್ಲಿ ಮಾತ್ರ ಒಳ್ಳೆ ಮನೆಯೋಳು ಮಾಡ್ತೀರಾ? ನಿಜ ಬರಿ. ಇಲ್ಲಾ ಅವಳ ಮಕ್ಕಳ ಸಾಲಿಂದ ನನ್ನ ಹೆಸರು ತೆಗಿ."

ಅವನು ನೋಡೋಣ ಅತ್ತೆ ಎಂದ. ನಮ್ಮ ಕಡೆ ನೋಡೋಣ ಅಂದರೆ ಆಗುವುದಿಲ್ಲ ಎಂದೇ ಅರ್ಥ.

ಆ ವರ್ಷದ ಮಳೆಗಾಲ ಕಳೆಯುವುದರೊಳಗೆ ಅತ್ತೆ ಹೋದರು. ಬೆಳಗ್ಗೆ ಒಲೆ ಮೇಲೆ ಹಾಲಿಟ್ಟು ಕೂತವರು ಏಳಲಿಲ್ಲ. ಸಮಾವೇಶ ಜೋರಾಗಿ ನಡೆಯಿತು, ಹೋಳಿಗೆ ಊಟವಾಯಿತು. ಪುಸ್ತಕದಲ್ಲಿ ಅಣ್ಣನ ಪದ್ಧತಿಯ ಕಥೆ ಒಂದಕ್ಷರ ಬದಲಾಗದೆ ಹಾಗೇ ಇತ್ತು. ಅದರ ಕೆಳಗೆ ಅತ್ತೆಯ ಫೋಟೋ, "ತಾಯಿಯ ಮೂಲವನ್ನು ಶ್ರಮವಹಿಸಿ ಶೋಧಿಸಿದವರು" ಎಂಬ ಹೊಗಳಿಕೆ. ಅಂದರೆ ಅವನ ಸುಳ್ಳಿಗೆ ಸತ್ತ ಅತ್ತೆಯೇ ಸಾಕ್ಷಿ. ಬದುಕಿದ್ದಾಗ ಬಗ್ಗಿಸಲಾಗದವರನ್ನು ಹೀಗೆ ಬಗ್ಗಿಸಿದ. ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದುಬಂದೆ. ಇವತ್ತಿಗೂ ನೆನೆಸಿಕೊಂಡರೆ ಹಲ್ಲು ಕಡಿಯುತ್ತೇನೆ.

ನಾನು ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದು ಅಣ್ಣನಿಗೆ ಯಾರೋ ಹೇಳಿದರಂತೆ, ಫೋನ್ ಮಾಡಿದ. ಹೋದವರನ್ನು ಹೋಗಲು ಬಿಡು ಎಂದ. ನಿನಗೂ ಮಗಳಿದ್ದಾಳೆ, ನಾಳೆ ಅವಳಿಗೂ ಸಂಬಂಧ ನೋಡಬೇಕು, ಅವರೂ ಇದನ್ನೇ ಓದುತ್ತಾರೆ ಎಂದ.

ಓದಲಿ. ನನ್ನ ಅಜ್ಜಿ ತಿಪ್ಪೆಯಲ್ಲಿ ಸಿಕ್ಕವಳು. ಅವಳನ್ನು ಕೇಳಿಕೊಂಡು ಬಂದವಳು ಒಬ್ಬಳೇ, ಅವಳ ಮಗಳು.