ಕೊಯ್ಲಿನ ತನಕ ಕಾದ ಗೆರ್ಡಾ

ಗೆರ್ಡಾ ನೊಯ್‌ಫೆಲ್ಡ್ ಪೆದ್ದಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಊರಿನ ಕಾಫಿ ಅಂಗಡಿಯಲ್ಲಿ ಕೂತು ಅವಳ ವಿಷಯ ಆಡಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎರೀ ಸರೋವರದ ದಂಡೆಯಲ್ಲಿ ಟೊಮೆಟೊ ಬೆಳೆಯುವ ನಮ್ಮ ಗಾಜಿನ ಮನೆಗಳಲ್ಲಿ ಮೂವತ್ತೊಂದು ವರ್ಷ ಹಣ್ಣು ವಿಂಗಡಿಸಿದವಳು ಅವಳು. ಹದಿನೆಂಟು ವರ್ಷ ನಾನು ಅವಳ ಪಕ್ಕದಲ್ಲೇ ನಿಂತು ಕೆಲಸ ಮಾಡಿದ್ದೇನೆ. ಒಂದು ಹಣ್ಣನ್ನು ಅಂಗೈಯಲ್ಲಿ ಒಮ್ಮೆ ತಿರುಗಿಸಿದಳೆಂದರೆ ಅದು ಎಷ್ಟು ದಿನ ಬಾಳುತ್ತದೆಂದು ಹೇಳುತ್ತಿದ್ದಳು.

ಆ ವರ್ಷ ನಮ್ಮ ಮಾಲೀಕರು ಗಾಜಿನ ಮನೆಗಳನ್ನೆಲ್ಲ ಗ್ಲಾಸ್‌ಲೀಫ್ ಎಂಬ ಗಾಂಜಾ ಕಂಪನಿಗೆ ಮಾರಿದರು. ಗಾಂಜಾ ಕಾನೂನುಬದ್ಧವಾಗುವುದಕ್ಕೆ ಕೆಲವೇ ತಿಂಗಳಿತ್ತು. ಟೊಮೆಟೊ ಬಳ್ಳಿ ಕಿತ್ತುಹಾಕಿ ನಮ್ಮ ಕೈಗೆ ಪರಿಹಾರದ ಹಣ ಕೊಟ್ಟು ಮನೆಗೆ ಕಳಿಸಿದರು. ಗೆರ್ಡಾಗೆ ಬಂದದ್ದು ಮೂವತ್ತೆರಡು ಸಾವಿರ ಡಾಲರ್.

ಅವಳು ಬಾಡಿಗೆಗಿದ್ದ ಮನೆ ವಿಲ್ಬರ್ ಲೆಂಟ್ಸ್ ಎಂಬ ಮುದುಕರದು. ಇಪ್ಪತ್ತೆರಡು ವರ್ಷದಿಂದ ಅದರಲ್ಲಿದ್ದಳು. ಗಂಡ ತೀರಿಕೊಂಡದ್ದೂ ಅಲ್ಲೇ. ವಿಲ್ಬರ್ ಅದನ್ನು ಮಾರಿ ಮಗಳ ಊರಿಗೆ ಹೋಗುವವರಿದ್ದರು.

"ನಿಂಗೇ ಕೊಡ್ಬೇಕು ಅಂತ ಆಸೆ ಕಣಮ್ಮ. ಐವತ್ತು ಸಾವಿರ ಮುಂಗಡ ತಂದುಕೊಡು, ಮಿಕ್ಕಿದ್ದು ಬ್ಯಾಂಕಿನೋರು ಕೊಡ್ತಾರೆ. ಮುಂದಿನ ಜೂನ್ ತನಕ ಕಾಯ್ತೀನಿ" ಅಂದರು.

ಅವಳಿಗೆ ಇನ್ನೂ ಹದಿನೆಂಟು ಸಾವಿರ ಕಡಿಮೆ ಬಿದ್ದಿತ್ತು. ಊರಲ್ಲಿ ಆಗ ಬಾಯಿ ಬಿಟ್ಟರೆ ಷೇರಿನದೇ ಮಾತು. ನಮ್ಮ ಮೆನನೈಟ್ ಚರ್ಚಿನ ಪಾದ್ರಿ ಹೊಗೆ ಸೇದುವುದು ಪಾಪವೆಂದು ಒಂದು ಗಂಟೆ ಕೊರೆದು, ಆಮೇಲೆ ಕಾಫಿ ಕುಡಿಯುವಾಗ ಗ್ಲಾಸ್‌ಲೀಫ್ ಇವತ್ತು ಎಷ್ಟಿದೆ ಎಂದು ಕೇಳಿದ್ದರು. ಜನ ಕಣ್ಣು ಮುಚ್ಚಿಕೊಂಡು ಕೊಂಡರು. ಗೆರ್ಡಾ ಹಾಗೆ ಮಾಡಲಿಲ್ಲ.

ಕಂಪನಿ ಊರವರನ್ನು ಒಳಗೆ ಬಿಟ್ಟ ದಿನ ನಾವಿಬ್ಬರೂ ಹೋದೆವು. ಮುಖ್ಯ ಬೆಳೆಗಾರ ಏಬ್ ಥೀಸೆನ್, ಟೊಮೆಟೊ ಕಾಲದಿಂದಲೂ ನಮ್ಮವನೇ. ಗೆರ್ಡಾ ಎಲೆ ಮಗುಚಿ ಬಿಳಿನೊಣ ಹುಡುಕಿದಳು. ಕಾಂಡ ಅದುಮಿ ನೋಡಿದಳು. ಬಗ್ಗಿ ನೀರು ಹರಿಯುವ ಕಾಲುವೆಗೆ ಬೆರಳು ಹಾಕಿ ಮೂಸಿದಳು.

"ಏನೇ, ಮದುವೆಗೆ ಹೆಣ್ಣು ನೋಡೋಕೆ ಬಂದ ಅತ್ತೆ ಥರ ಆಡ್ತಿದೀಯಲ್ಲ" ಅಂದ ಏಬ್.

"ಸುಮ್ನಿರೋ. ನನ್ನ ಮನೆ ಇದರ ಮೇಲೆ ನಿಂತಿದೆ."

ಆಮೇಲೆ ಕಂಪನಿಯ ವಾರ್ಷಿಕ ವರದಿ ತರಿಸಿ ಪೆನ್ಸಿಲ್ ಹಿಡಿದು ಕೂತಳು. ಎಷ್ಟು ಎಕರೆ ಗಾಜು, ಗಿಡಕ್ಕೆ ಎಷ್ಟು ಗ್ರಾಂ, ಗ್ರಾಮಿಗೆ ಎಷ್ಟು ಖರ್ಚು, ಎಲ್ಲಕ್ಕೂ ಗೆರೆ ಎಳೆದಳು. ಮಾರಾಟದ ಪುಟಗಳನ್ನು ಮಗುಚಿ ಮುಂದೆ ಹೋದಳು. ನಾನೂ ಕೇಳಲಿಲ್ಲ. ನಮ್ಮ ಕಡೆ ಟೊಮೆಟೊ ಮಾರುವುದಕ್ಕೆ ಮಂಡಳಿಯಿದೆ, ಬೆಲೆಯನ್ನೂ ಅದೇ ಗೊತ್ತು ಮಾಡುತ್ತದೆ. ಚೆನ್ನಾಗಿ ಬೆಳೆದರೆ ಸಾಕು, ಮಿಕ್ಕಿದ್ದು ತಾನಾಗಿ ನಡೆಯುತ್ತದೆ ಎಂದುಕೊಂಡೇ ಬೆಳೆದ ಜನ ನಾವು. ಬೆಳೆದದ್ದನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ನಮ್ಮ ತಲೆಗೆ ಹೊಳೆಯುವುದೇ ಇಲ್ಲ.

ಮೇ ತಿಂಗಳಲ್ಲಿ ಎಂಟು ಡಾಲರಿನ ಹಾಗೆ ನಾಲ್ಕು ಸಾವಿರ ಷೇರು ಕೊಂಡಳು. ನಾನು ಮುನ್ನೂರು ಕೊಂಡೆ. ಸೆಪ್ಟೆಂಬರಿನಲ್ಲಿ ಬೆಲೆ ಹದಿಮೂರಕ್ಕೆ ಹೋಯಿತು. ಗೆರ್ಡಾಳ ಹಣ ಐವತ್ತೆರಡು ಸಾವಿರವಾಗಿತ್ತು. ನಾನು ಅವತ್ತೇ ಮಾರಿ ಅವಳ ಮನೆಗೆ ಓಡಿದೆ.

"ಮಾರಿಬಿಡೇ. ಮನೆ ನಿಂದಾಯ್ತು!"

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನಿಂಗೆ ಹದಿನೆಂಟು ವರ್ಷ ಕಲಿಸಿದ್ದು ದಂಡ ಆಯ್ತಲ್ಲೇ. ಗಿಡದಲ್ಲಿ ಇನ್ನೂ ಹೂವೇ ಬಲಿತಿಲ್ಲ, ಈಗ ಕಿತ್ತರೆ ಏನು ಬಂತು? ಅಕ್ಟೋಬರ್‌ನಲ್ಲಿ ಕೊಯ್ಲು. ಬೆಳೆ ಹೇಗಿದೆ ಅಂತ ಲೋಕಕ್ಕೆ ಗೊತ್ತಾಗ್ಲಿ, ಆಗ ನೋಡು."

ನಾನು ಇನ್ನಷ್ಟು ಒತ್ತಾಯ ಮಾಡಬೇಕಿತ್ತು. ಆದರೆ ಅವಳ ಮಾತು ನನಗೂ ಸರಿ ಅನ್ನಿಸಿತು. ಅವಸರಪಟ್ಟು ಮಾರಿದೆನಲ್ಲ ಎಂದು ವಾಪಸು ಬರುವಾಗ ನನಗೇ ನಾಚಿಕೆಯಾಗಿತ್ತು.

ಕೊಯ್ಲು ಬಂತು. ಏಬ್ ಅಂದಾಜು ಮಾಡಿದ್ದರ ಒಂದೂವರೆ ಪಟ್ಟು ಬಂತು. ನವೆಂಬರಿನಲ್ಲಿ ಕಂಪನಿ ಲೆಕ್ಕ ಹೊರಗಿಟ್ಟ ಬೆಳಿಗ್ಗೆ ಗೆರ್ಡಾ ಕೇಕು ಮಾಡಿ ನನ್ನನ್ನು ಕರೆದಿದ್ದಳು. ನಾವು ಕೇಕು ತಿನ್ನುತ್ತಿದ್ದ ಹಾಗೇ ಬೆಲೆ ಒಂಬತ್ತಕ್ಕೆ ಇಳಿಯಿತು. ದೇಶದಲ್ಲಿ ಗಾಂಜಾ ಮಾರುವ ಅಂಗಡಿಗಳು ಬೆರಳೆಣಿಕೆಯಷ್ಟು. ಗೋದಾಮು ಆಗಲೇ ತುಂಬಿತ್ತು. ಬೆಳೆ ಹೆಚ್ಚಿದಷ್ಟೂ ಷೇರು ಇಳಿಯಿತು.

"ಇಷ್ಟು ಒಳ್ಳೆ ಬೆಳೆ ಬಂದ ಮೇಲೂ ಇಳಿಯುತ್ತಾ? ಎಲ್ಲೋ ತಪ್ಪು ಮಾಡಿದಾರೆ, ಏರುತ್ತೆ" ಅಂದಳು. ಕ್ರಿಸ್ಮಸ್ಸಿಗೆ ಐದಾಯಿತು. ಮೇ ಹೊತ್ತಿಗೆ ಎರಡಕ್ಕಿಂತ ಕೆಳಗೆ.

ಅಷ್ಟರಲ್ಲಿ ಅದೇ ಕಂಪನಿ ನಮ್ಮಿಬ್ಬರನ್ನೂ ಗಂಟೆಗೂಲಿಗೆ ತೆಗೆದುಕೊಂಡಿತ್ತು. ಜೂನ್ ಕೊನೆಯ ವಾರ ಏಬ್ ಡಬ್ಬಗಳ ಗಾಡಿ ತಳ್ಳಿಕೊಂಡು ಬಂದ. ಎಲ್ಲವನ್ನೂ ಪುಡಿಮಾಡಿ, ಯಾರೂ ಬಳಸದ ಹಾಗೆ ಹಸಿ ಮಣ್ಣಿಗೆ ಕಲಸಿ ಹೊರಗೆ ಹಾಕಬೇಕು, ಮೇಲಿನವರ ಅಪ್ಪಣೆ ಅಂದ. ಅಕ್ಟೋಬರಿನ ಬೆಳೆ ಅದು.

ಗೆರ್ಡಾ ಒಂದು ಗಾಂಜಾ ಹೂ ತೆಗೆದು ಅಂಗೈಯಲ್ಲಿ ತಿರುಗಿಸಿದಳು. "ಬೂಷ್ಟು ಇಲ್ಲ. ಒಣಗಿಸಿದ್ದೂ ಹದವಾಗಿದೆ. ಇದಕ್ಕೇನಾಗಿದೆಯೋ?"

"ಏನೂ ಆಗಿಲ್ಲ ಗೆರ್ಡಾ. ಕೊಳ್ಳೋರಿಲ್ಲ, ಅಷ್ಟೇ." ಏಬ್‌ನ ಕಣ್ಣು ಕೆಂಪಾಗಿತ್ತು.

ಅವಳು ಹೂವನ್ನು ಡಬ್ಬಕ್ಕೆ ಹಾಕಿ, ಕೈಗವಸು ಕಳಚಿ, ಬಾಗಿಲ ಹತ್ತಿರ ಹೋಗಿ ಫೋನ್ ಮಾಡಿದಳು. ಒಂದೊಂದು ಮಾತೂ ನನಗೆ ಕೇಳಿಸಿತು.

"ವಿಲ್ಬರ್, ನಾನು ಗೆರ್ಡಾ... ಇಲ್ಲ, ಆಗ್ಲಿಲ್ಲ... ನೀವು ಬೇರೆಯೋರಿಗೆ ಕೊಟ್ಬಿಡಿ. ಅಡುಗೆಮನೆ ಕಿಟಕಿ ಮಳೆ ಬಂದಾಗ ಬಿಗಿಯುತ್ತೆ, ಬರೋರಿಗೆ ಹೇಳಿ."

ವಾಪಸು ಬಂದು ಕೈಗವಸು ಹಾಕಿಕೊಂಡಳು. ಸಂಜೆಯೊಳಗೆ ನಲವತ್ತು ಡಬ್ಬ ಮಣ್ಣಿಗೆ ಕಲಸಿದೆವು. ಸುರಿಯುವ ಮೊದಲು ಪ್ರತಿ ಡಬ್ಬವನ್ನೂ ಅವಳು ಕೈಹಾಕಿ ನೋಡಿದಳು. ಕೆಟ್ಟದ್ದು ಒಂದೂ ಸಿಗಲಿಲ್ಲ.