ಎದುರು ಮನೆಯವರ ಸೀಸದ ಗುಂಡು

ಹೋದ ತಿಂಗಳು ಮನೆಗೆ ಹೊಸ ಓವನ್ ತಂದೆವು. ಮೊದಲ ಸಲ ಒಳಗೆ ಏನೂ ಇಡದೆ ಅರ್ಧ ಗಂಟೆ ಕಾಯಿಸಬೇಕು ಅಂತ ಅದರ ಜೊತೆ ಬಂದ ಪುಸ್ತಕದಲ್ಲಿತ್ತು. ಕಾಯಿಸಿದೆ. ಹತ್ತೇ ನಿಮಿಷಕ್ಕೆ ಅಡುಗೆಮನೆ ತುಂಬ ಬಣ್ಣ ಬೆಂದ ವಾಸನೆ... ಸ್ವಲ್ಪ ಸಿಹಿ, ಸ್ವಲ್ಪ ಕಮಟು. ಕಿಟಕಿ ತೆಗೆದು ಸುಮ್ಮನೆ ನಿಂತುಕೊಂಡೆ. ಹತ್ತು ವರ್ಷದ ಹಿಂದೆ, ಇಲ್ಲಿ ಗಲ್ಫಿನಲ್ಲಿ, ಬುಸೈತೀನ್‌ನ ಇದೇ ಕಟ್ಟಡದ ತಾರಸಿಯಿಂದ ಶುಕ್ರವಾರ ಮಧ್ಯಾಹ್ನ ಇಳಿದು ಬರುತ್ತಿದ್ದ ವಾಸನೆ ಅದು. ಎದುರು ಫ್ಲ್ಯಾಟಿನ ಅಂಕಲ್ ಸೀಸದ ಗುಂಡಿಗೆ ಬಣ್ಣ ಕೂರಿಸುತ್ತಿದ್ದ ವಾಸನೆ.

ಅವರು ಉಡುಪಿ ಕಡೆಯ ಕ್ಯಾಥೊಲಿಕ್ಕರು, ನಾವು ದಾವಣಗೆರೆಯವರು. ಅಲ್ಯೂಮಿನಿಯಂ ಕಿಟಕಿ, ಗೇಟುಗಳಿಗೆ ಬಣ್ಣದ ಪುಡಿ ಅಂಟಿಸಿ ಬೇಯಿಸುವ, ಪೌಡರ್ ಕೋಟಿಂಗ್ ವರ್ಕ್‌ಶಾಪಿನಲ್ಲಿ ಅವರು ಫೋರ್‌ಮನ್ ಆಗಿದ್ದರು. ಮಕ್ಕಳಿರಲಿಲ್ಲ. ನಾನೂ ನನ್ನ ಗಂಡನೂ ಆಫೀಸಿನಿಂದ ಬರುವವರೆಗೆ ನಾಲ್ಕು ವರ್ಷದ ನನ್ನ ಮಗಳನ್ನು ಅವರ ಹೆಂಡತಿ, ನಾವು ಆಂಟಿ ಅನ್ನುತ್ತಿದ್ದವರು, ನೋಡಿಕೊಳ್ಳುತ್ತಿದ್ದರು. ಗಂಜಿ, ಮೀನಿನ ಸಾರು ಎಲ್ಲ ಅವಳು ಉಣ್ಣಲು ಕಲಿತದ್ದು ಅಲ್ಲೇ.

ಅಂಕಲ್‌ಗೆ ಮೀನು ಹಿಡಿಯುವ ಹುಚ್ಚು. ಗಾಳದ ದಾರ ನೀರಿನ ಅಡಿಗೆ ಇಳಿಯಲು ಕಟ್ಟುವ ಭಾರವನ್ನು, ಅವರ ಮಾತಿನಲ್ಲಿ ಗುಂಡನ್ನು, ಅಂಗಡಿಯಿಂದ ತರದೆ ತಾವೇ ಎರೆಯುತ್ತಿದ್ದರು. ಊರಲ್ಲಿ ಅವರ ಅಪ್ಪನಿಗೆ ಹಂದಿ ಕಾಟಕ್ಕೆಂದು ಲೈಸೆನ್ಸಿನ ಕೋವಿ ಇತ್ತಂತೆ. ಅದಕ್ಕೆ ಸೀಸ ಕರಗಿಸಿ ಗುಂಡು ಎರೆಯುವಾಗ ಪಕ್ಕದಲ್ಲಿ ಕೂತು ನೋಡಿ ಕಲಿತಿದ್ದು. ಅಪ್ಪ ಬರಿಗೈಯಲ್ಲಿ ಸೀಸ ಮುಟ್ಟಿ, ಅದೇ ಕೈಯಲ್ಲಿ ಬೀಡಿ ಸೇದಿ, ಕೊನೆಗೆ ಬೆರಳು ಮಡಚಲಾಗದೆ, ಹೊಟ್ಟೆನೋವಿನಲ್ಲಿ ನರಳಿ ಹೋದರು ಅಂತ ಒಮ್ಮೆ ಹೇಳಿದ್ದರು. ಬಣ್ಣ ಹಾಕುವುದು ಚಂದಕ್ಕಲ್ಲ, ಸೀಸ ಕೈಗೂ ಸಮುದ್ರಕ್ಕೂ ತಾಗಬಾರದು ಅಂತ.

ಅವರ ಕೆಲಸದಲ್ಲಿ ಅಷ್ಟು ಶಿಸ್ತಿತ್ತು. ಟಯರ್ ಅಂಗಡಿಯವರು ಚಕ್ರದ ಬ್ಯಾಲೆನ್ಸಿಂಗಿಗೆ ಬಳಸಿ ಬಿಸಾಡಿದ ಸೀಸದ ತುಂಡುಗಳನ್ನು ತಾರಸಿಯ ಮೂಲೆಯಲ್ಲಿ ಕರಗಿಸಿ ಅಚ್ಚಿಗೆ ಸುರಿಯುತ್ತಿದ್ದರು. ಆರಿದ ಗುಂಡುಗಳನ್ನು ಐಸ್‌ಕ್ರೀಮಿನ ಖಾಲಿ ಡಬ್ಬಿಗೆ ಹಾಕಿ, ಬಣ್ಣದ ಪುಡಿ ಉದುರಿಸಿ, ಮುಚ್ಚಳ ಹಾಕಿ ಗಲಗಲ ಅಲುಗಿಸಿದರೆ ಪುಡಿ ತಾನಾಗಿ ಅಂಟಿಕೊಳ್ಳುತ್ತಿತ್ತು. ಒಂದೊಂದನ್ನೇ ಇಕ್ಕಳದಲ್ಲಿ ಎತ್ತಿ ಜಾಲರಿಯ ಮೇಲಿಟ್ಟು ಹಳೇ ಓವನ್ನಿನಲ್ಲಿ ಇಪ್ಪತ್ತು ನಿಮಿಷ. ಹೊರಗೆ ಬಂದಾಗ ಕೆಂಪು, ಹಳದಿ, ಹಸಿರು, ಗಾಜಿನ ಹಾಗೆ ಹೊಳಪು. ಒಂದನ್ನು ಸುತ್ತಿಗೆಯಲ್ಲಿ ಚಪ್ಪಟೆಯಾಗುವಂತೆ ಬಡಿದು, ಬಣ್ಣ ಎದ್ದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಉಳಿದವನ್ನು ಗೆಳೆಯರಿಗೆ ಹಂಚುತ್ತಿದ್ದರು. ಮಾಸ್ಕು, ಕೈಗವಸು ಇಲ್ಲದೆ ಕೂರುತ್ತಿರಲಿಲ್ಲ. ಅಂಗಿ ಬದಲಿಸಿ, ಕೈ ತೊಳೆದೇ ಕೆಳಗಿಳಿಯುತ್ತಿದ್ದರು. ನನ್ನ ಮಗಳು ಹಟ ಮಾಡಿದರೂ ತಾರಸಿಯ ಬಾಗಿಲಿನಿಂದಾಚೆ ಒಂದು ಹೆಜ್ಜೆ ಬಿಡುತ್ತಿರಲಿಲ್ಲ.

ಇದೆಲ್ಲ ನಾನು ಕಣ್ಣಾರೆ ನೋಡಿದ್ದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆ ಚಳಿಗಾಲದಲ್ಲಿ ಮಗಳು ಊಟ ಬಿಟ್ಟಳು. ಹೊಟ್ಟೆನೋವು ಅಂತ ಅಳುವುದು, ಸುಮ್ಮಸುಮ್ಮನೆ ಸಿಡುಕುವುದು. ಮುಖ ಬಿಳಿಚಿಕೊಂಡಿತು. ರಕ್ತ ಪರೀಕ್ಷೆಯಲ್ಲಿ ಸೀಸ ಇರಬಾರದಷ್ಟು ಬಂತು. ಮನೆಯಲ್ಲಿ, ಅಕ್ಕಪಕ್ಕದಲ್ಲಿ ಯಾರಾದರೂ ಸೀಸದ ಕೆಲಸ ಮಾಡುತ್ತಾರಾ ಅಂತ ಡಾಕ್ಟರಮ್ಮ ಕೇಳಿದರು. ಮನೆಗೆ ಬಂದು ಮಗಳ ಆಟದ ಸಾಮಾನು ಸುರಿದರೆ ಒಂದು ಹಳದಿ ಗುಂಡು ಸಿಕ್ಕಿತು. ಆಂಟಿಯ ಕಪಾಟಿನಿಂದ ಅವಳೇ ತಂದಿದ್ದಳು. ಬಣ್ಣ ಎಲ್ಲೂ ಎದ್ದಿರಲಿಲ್ಲ. ನಾನು ಅದನ್ನು ನೋಡಲಿಲ್ಲ, ಅಥವಾ... ನೋಡಿದರೂ ನನಗೆ ಬೇಕಾಗಿರಲಿಲ್ಲ.

ಎದುರಿನ ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು. ತಟ್ಟಲಿಲ್ಲ. ಸೀದಾ ಕೆಳಗಿಳಿದು ಕಟ್ಟಡದ ಮ್ಯಾನೇಜರ್ ಹತ್ತಿರ ಹೋದೆ. ಕನ್ನಡದಲ್ಲಾಗಿದ್ದರೆ ಗಾಳಕ್ಕೆ ಕಟ್ಟುವುದೂ ಗುಂಡು, ಕೋವಿಗೆ ಹಾಕುವುದೂ ಗುಂಡು. ಆದರೆ ನಾನು ಮಾತಾಡಿದ್ದು ಹಿಂದಿಯಲ್ಲಿ. ಎದುರು ಮನೆಯವರು ತಾರಸಿಯ ಮೇಲೆ ಬುಲೆಟ್ ತಯಾರಿಸುತ್ತಿದ್ದಾರೆ ಅಂದೆ. ಆ ಮಾತು ಈ ದೇಶದಲ್ಲಿ ಎಲ್ಲಿಗೆ ಮುಟ್ಟುತ್ತದೆ ಅಂತ ಗೊತ್ತಿದ್ದೇ ಅಂದೆ. ಸಿಟ್ಟಿನಲ್ಲಿ ಬಾಯಿತಪ್ಪಿ ಬಂತು ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಮರುದಿನ ಪೊಲೀಸರು ಬಂದರು. ಓವನ್ನು, ಅಚ್ಚು, ಡಬ್ಬಿಗಳ ಜೊತೆ ಅಂಕಲ್ಲನ್ನೂ ಕರೆದುಕೊಂಡು ಹೋದರು. ಮೀನಿನ ಗಾಳದ ಭಾರ ಅಂತ ಅವರಿಗೆ ಬೇಗ ಅರ್ಥವಾಗಿರಬೇಕು, ಸಂಜೆಗೆಲ್ಲ ಕಳಿಸಿಕೊಟ್ಟರು. ಆದರೆ ವರ್ಕ್‌ಶಾಪಿನ ಮಾಲೀಕನಿಗೆ ಪೊಲೀಸು, ಬುಲೆಟ್ಟು ಅನ್ನುವ ಎರಡು ಪದ ಕಿವಿಗೆ ಬಿದ್ದದ್ದೇ ಸಾಕಾಯಿತು. ಇಪ್ಪತ್ತಾರು ವರ್ಷ ದುಡಿದವರ ವೀಸಾ ಕ್ಯಾನ್ಸಲ್ ಆಯಿತು. ದೂರು ಕೊಟ್ಟದ್ದು ಯಾರು ಅಂತ ಅಂಕಲ್‌ಗೆ ಮ್ಯಾನೇಜರ್ ಹೇಳಿಬಿಟ್ಟಿದ್ದ. ಅವರು ಬಂದು ಜಗಳ ಆಡಲಿಲ್ಲ. ಊರಿಗೆ ಹೊರಡುವ ದಿನ ನಮ್ಮ ಬಾಗಿಲ ಹಿಡಿಗೆ ಒಂದು ಚೀಲ ನೇತುಹಾಕಿದ್ದರು. ಒಳಗೆ ಮಗಳ ಚಮಚ, ಪುಟ್ಟ ದಿಂಬು, ಒಗೆದು ಮಡಚಿದ ಎರಡು ಫ್ರಾಕು. ಚೀಟಿ ಇರಲಿಲ್ಲ.

ಅವರು ಹೋಗಿ ಮೂರು ತಿಂಗಳಾದರೂ ಮಗಳ ರಕ್ತದಲ್ಲಿ ಸೀಸ ಇಳಿಯಲಿಲ್ಲ. ತುಸು ಏರಿತ್ತು. ಡಾಕ್ಟರಮ್ಮ ಅವಳ ಗಲ್ಲ ಹಿಡಿದೆತ್ತಿ, ಕಣ್ಣಿಗೆ ಇದೇನು ಹಚ್ಚುತ್ತೀರಿ ಅಂತ ಕೇಳಿದರು. ಸುರ್ಮ ಅಂದೆ. ಊರಿಂದ ತಂದ ಕಾಡಿಗೆ ಮುಗಿದ ಮೇಲೆ ಇಲ್ಲಿನ ಮುಹರ್ರಕ್ ಮಾರ್ಕೆಟ್ಟಿನಲ್ಲಿ ನಾನೇ ಕೊಂಡ, ಕಲ್ಲು ಅರೆದು ಮಾಡಿದ ಸುರ್ಮ. ದಿನಾ ಬೆಳಿಗ್ಗೆ ಸ್ನಾನ ಮಾಡಿಸಿ ಹಚ್ಚುತ್ತಿದ್ದೆ. ಅವಳು ಕಣ್ಣುಜ್ಜಿಕೊಂಡು ಅದೇ ಹೆಬ್ಬೆರಳು ಚೀಪುತ್ತಿದ್ದಳು. ಪರೀಕ್ಷೆಗೆ ಕಳಿಸಿದರು. ಅದರ ತುಂಬ ಸೀಸ.

ಹಚ್ಚುವುದು ನಿಲ್ಲಿಸಿದ ಮೇಲೆ ಅವಳು ಚೇತರಿಸಿಕೊಂಡಳು. ಅಂಕಲ್‌ರ ಊರಿನ ನಂಬರ್ ಹುಡುಕಿ ಫೋನ್ ಮಾಡಲು ನನಗೆ ಇನ್ನೂ ಐದು ತಿಂಗಳು ಬೇಕಾಯಿತು. ಎಲ್ಲ ಹೇಳಿ ಅತ್ತುಬಿಟ್ಟೆ. ಅಂಕಲ್ ಕೊನೆವರೆಗೂ ಕೇಳಿಸಿಕೊಂಡರು.

“ಬುಲೆಟ್ ಅಂತ ಹೇಳಿದ್ದು ನೀವೇ ಅಲ್ವಾ?” ಅಂದರು.

ಹೌದು ಅಂದೆ.

“ಎದುರು ಮನೆ ಅಲ್ವಾ ನಮ್ದು. ಒಂದು ಸಲ ಬಾಗಿಲು ಬಡಿದು ಕೇಳ್ಬಹುದಿತ್ತು. ಇನ್ನು ಫೋನ್ ಮಾಡ್ಬೇಡಿ ನೀವು.”

ಮಾಡಲಿಲ್ಲ. ಅಂಕಲ್ ಎರಡು ವರ್ಷದ ಹಿಂದೆ ತೀರಿಕೊಂಡರು ಅಂತ ಉಡುಪಿ ಕಡೆಯ ಒಬ್ಬರಿಂದ ತಿಳಿಯಿತು. ಆಂಟಿ ಎಲ್ಲಿದ್ದಾರೆ ಅಂತ ಅವರಿಗೂ ಗೊತ್ತಿರಲಿಲ್ಲ.

ಓವನ್ ಕಾಯಿಸಿದ ದಿನ ಸಂಜೆ ಮಗಳು ಗೆಳತಿಯ ಜೊತೆ ಫೋನಿನಲ್ಲಿ ಇಂಗ್ಲಿಷಿನಲ್ಲಿ ಹರಟುತ್ತಿದ್ದಳು. ಚಿಕ್ಕವಳಿದ್ದಾಗ ಎದುರು ಮನೆಯ ಬುಲೆಟ್ ಅಂಕಲ್‌ನಿಂದ ತನಗೆ ಸೀಸದ ವಿಷ ಏರಿತ್ತು ಅಂತ ನಗುತ್ತಾ ಹೇಳುತ್ತಿದ್ದಳು. ಆ ಕಥೆ ಅವಳಿಗೆ ಕೊಟ್ಟವಳು ನಾನೇ. ತಿದ್ದುವುದಕ್ಕೆ ಹತ್ತು ವರ್ಷ ಸಮಯವಿತ್ತು...

ಅವಳು ಫೋನಿಟ್ಟ ಮೇಲೆ ಕೂರಿಸಿಕೊಂಡು ನಿಜ ಹೇಳಿದೆ. ಸುರ್ಮದ ವಿಷಯ, ಮ್ಯಾನೇಜರಿಗೆ ನಾನು ಆಡಿದ ಮಾತು, ಅಂಕಲ್ ಫೋನಿನಲ್ಲಿ ಅಂದದ್ದು.

“ಅಂಕಲ್‌ಗೆ ನೀನು ಹೇಳಿದೆ, ಓಕೆ. ಮ್ಯಾನೇಜರ್‌ಗೆ ಹೇಳಿದ್ಯಾ ಅಮ್ಮಾ? ಅವರ ಕಂಪನಿಗೆ?”

ಇಲ್ಲ ಅಂದೆ.

ಈ ಕಟ್ಟಡದ ಹಳಬರು ಎದುರು ಫ್ಲ್ಯಾಟನ್ನು ಈಗಲೂ ಬುಲೆಟ್‌ವಾಲಾನ ಫ್ಲ್ಯಾಟ್ ಅಂತಲೇ ಕರೆಯುತ್ತಾರೆ. ಲಿಫ್ಟಿನಲ್ಲಿ ಆ ಮಾತು ಕಿವಿಗೆ ಬಿದ್ದಾಗೆಲ್ಲ ನಾನು ಮೊಬೈಲ್ ನೋಡುತ್ತಾ ನಿಂತಿದ್ದೇನೆ. ಮಗಳು ಎದ್ದು ತನ್ನ ಕೋಣೆಗೆ ಹೋದಳು. ಅವತ್ತಿನಿಂದ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ.