ಕೆಟ್ಟ ಫೋಟೊಗಳ ಸಾಕ್ಷಿ

ಶಿಡ್ಲಘಟ್ಟದ ಫೋಟೊ ಸ್ಟುಡಿಯೊದ ಯಜಮಾನರು ಮದುಮಕ್ಕಳ ಮೊಡವೆ ಅಳಿಸುವುದರಲ್ಲಿ ಪಳಗಿದವರು. ಯಾರ ಫೋಟೊ ಬಂದರೂ ಹೆಬ್ಬೆರಳಿನಿಂದ ಪರದೆ ಉಜ್ಜಿ, "ಇದನ್ನ ತೆಗೆದುಬಿಡಣ" ಎನ್ನುತ್ತಿದ್ದರು.

ಚಂದ್ರನ ಮೇಲೆ ಮನುಷ್ಯ ಇಳಿದ ಫೋಟೊಗಳೆಲ್ಲ ಸುಳ್ಳೆಂದು ಮರುದಿನ ಚರ್ಚಾಸ್ಪರ್ಧೆಯಲ್ಲಿ ವಾದಿಸಲು ನನಗೆ ಅವರ ಬೆಂಬಲ ಬೇಕಿತ್ತು. ಅವರು ಕಂಪ್ಯೂಟರಿನಲ್ಲಿ ಬಾಹ್ಯಾಕಾಶ ಯಾನಗಳ ಸಾರ್ವಜನಿಕ ಸಂಗ್ರಹ ತೆರೆದರು. ಮಸುಕಾದವು, ಬೆಳಕು ಹೊಡೆದವು, ತಲೆಯೇ ಕತ್ತರಿಸಿಹೋದವು ಸಾಲುಸಾಲಾಗಿದ್ದವು.

"ಸುಳ್ಳು ಮಾಡೋನು ಇಂಥ ದರಿದ್ರದ್ದೆಲ್ಲ ಇಟ್ಕೊಂಡು ಊರಿಗೆ ತೋರಿಸ್ತಾನೇನಪ್ಪ? ನಾನು ಕೆಡಿಸಿದ್ದನ್ನ ನನ್ನ ಹೆಂಡ್ತಿಗೂ ತೋರಿಸಿಲ್ಲ!"

ಮರುದಿನ ಚಿಕ್ಕಬಳ್ಳಾಪುರದ ವೇದಿಕೆಯಲ್ಲಿ ಆ ಕೆಟ್ಟ ಫೋಟೊಗಳೇ ನೆನಪಾಗಿ, ನನ್ನ ವಾದವನ್ನು ನಾನೇ ನಂಬಲಾರದೆ ಸೋತುಬಂದೆ. ಸುದ್ದಿ ಕೇಳಿದ್ದೇ ಸ್ಟುಡಿಯೊ ಯಜಮಾನರು ಕ್ಯಾಮೆರಾ ಎತ್ತಿಕೊಂಡರು.

"ಕೈ ಸುಮ್ನೆ ಹಿಂಗೆ ಹಿಡ್ಕೊಳಪ್ಪ. ಗೆದ್ದೋರಿಗೆ ಕೊಡೋ ಕಪ್ಪು ಆಮೇಲೆ ಕಂಪ್ಯೂಟರಲ್ಲಿ ನಾನು ಇಡ್ತೀನಿ."